ಸೀಡಿ ಇಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ

ಮನುಷ್ಯ ಇದುವರೆಗೆ ತೆಗೆದ ಅಷ್ಟೂ ಸಿನಿಮಾಗಳ ಸೀಡಿ ನನ್ನ ಮನೆಯಲ್ಲಿವೆ. ಇನ್ನೂ ತೆಗೆಯದೇ ಇರುವವೂ ನಾಲ್ಕಾರು ಇವೆ, ಅವನ್ನು ಅಟ್ಟದ ಮೇಲೆ ಬೇರೆ ಇಟ್ಟಿದ್ದೇನೆ. ನನ್ನ ಮನೆಯ ಗೋಡೆಗಳಲ್ಲಿ ಇಟ್ಟಿಗೆ ಇಲ್ಲ. ಇಟ್ಟಿಗೆ ಉದುರಿಹೋಗಿ ಎಷ್ಟೋ ಕಾಲವಾಯಿತು, ಈಗ ಸೂರು ಹೊತ್ತು ನಿಂತಿರುವುದು ಸೀಡಿ ಡಬ್ಬಿಗಳೇ. ಒಂದು ಸಲ ಭೂಮಿ ನಡುಗಿ ಊರಿನ ಮನೆಗಳೆಲ್ಲ ಬಿರುಕು ಬಿಟ್ಟಾಗ ನನ್ನ ಮನೆಯಲ್ಲಿ ಒಂದು ಹಾಸ್ಯದ ಚಿತ್ರ ಎದ್ದು ಹೋಗಿ ಒಂದು ಭಕ್ತಿ ಚಿತ್ರದ ಪಕ್ಕ ಕೂತಿತು, ಅಷ್ಟೇ ನಷ್ಟ. ಬೆಳಿಗ್ಗೆ ಬಿಸಿಲು ಬಿದ್ದಾಗ ನನ್ನ ಕಿಟಕಿಯಿಂದ ಹೊರಡುವ ಹೊಳಪಿಗೆ ಎದುರುಮನೆಯ ಟೈಲರ್ ರೇವಣಸಿದ್ದಪ್ಪ ಮಧ್ಯಾಹ್ನದವರೆಗೂ ಕಣ್ಣು ಮುಚ್ಚಿಕೊಂಡೇ ಬಟ್ಟೆ ಹೊಲಿಯುತ್ತಾನೆ. ಅವನು ಹೊಲಿದ ಅಂಗಿಗಳನ್ನು ನೋಡಿದವರು ಇದನ್ನು ಒಪ್ಪುತ್ತಾರೆ. ಅನುಮಾನ ಇರುವವರು ಬಂದು ಬಾಗಿಲಲ್ಲಿ ನಿಂತು ನೋಡಬಹುದು. ಮುಟ್ಟುವಂತಿಲ್ಲ.

ನಾನು ಮುರಿಗೆಪ್ಪ, ಸಂತೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಈ ಊರಿನ ಅರ್ಧ ಜನ ಜಗತ್ತನ್ನು ನೋಡುತ್ತಿರುವುದು ನಾನು ಕೊಟ್ಟ ಗಾಜಿನಿಂದ. ಇನ್ನರ್ಧ ಜನಕ್ಕೆ ಕಣ್ಣು ಚೆನ್ನಾಗಿರುವುದು ನನ್ನ ಅಂಗಡಿಯ ಮುಂದೆ ಓಡಾಡಿದ್ದರಿಂದ. ಇಷ್ಟು ಮಾಡಿಯೂ ಊರಿಗೆ ಊರೇ ಕಣ್ಣಾರೆ ಮೋಸ ಹೋಯಿತಲ್ಲ, ಆ ಸಿಟ್ಟಿಗೆ ಇದನ್ನು ಹೇಳುತ್ತಿದ್ದೇನೆ.

ನಮ್ಮೂರಿನಲ್ಲಿ ಸೀಡಿ ಅಂದರೆ ಬೇರೆ ಊರಿನ ಹಾಗೆ ಬರೀ ಹೊಳೆಯುವ ತಟ್ಟೆಯಲ್ಲ. ಯಾವ ಮನೆಯಲ್ಲಿ ಓಡುತ್ತದೋ ಆ ಮನೆಯನ್ನು ಅದೂ ನೋಡಿಕೊಂಡಿರುತ್ತದೆ. ಒಬ್ಬರ ಮನೆಯ ಸೀಡಿ ತಂದು ನಮ್ಮ ಮನೆಯಲ್ಲಿ ಹಾಕಿದರೆ, ಕೋರ್ಟಿನ ದೃಶ್ಯದಲ್ಲಿ ಜಡ್ಜು ಮೇಜು ಕುಟ್ಟಿ ತೀರ್ಪು ಕೊಡುವ ಮುಂಚೆ ನಮ್ಮ ಕಡೆ ತಿರುಗಿ, "ಆ ರೇವಣಸಿದ್ದಪ್ಪನ ಮನೇಲಿ ನೆಂಟರು ಬಂದ್ರೆ ಹಾಲಿಗೆ ಚೊಂಬುಗಟ್ಟಲೆ ನೀರು ಬೀಳುತ್ತೆ ಕಣ್ರೀ," ಎಂದು ಹೇಳಿಯೇ ಮುಂದೆ ಹೋಗುತ್ತಾನೆ. ಮರ ಸುತ್ತುವ ನಾಯಕಿ ಒಂದು ಸುತ್ತು ಕಡಿಮೆ ಸುತ್ತಿ, "ಹಿಂದಿನ ಬೀದೀಲಿ ಅತ್ತೆ ಸೊಸೆ ಮಾತು ಬಿಟ್ಟಿದಾರೆ, ಉಪ್ಪು ಬೇಕಾದ್ರೂ ಬೆಕ್ಕಿಗೆ ಹೇಳಿ ಕೇಳ್ತಾರೆ," ಎನ್ನುತ್ತಾಳೆ. ಅದಕ್ಕೇ ನಮ್ಮಲ್ಲಿ ಯಾರ ಮನೆಯಲ್ಲೂ ಟಿವಿಯ ಮುಂದೆ ಜಗಳವಾಡುವ ಪದ್ಧತಿ ಇರಲಿಲ್ಲ. ಗಂಡನಿಗೆ ಹೆಂಡತಿ, "ಮೊದಲು ಟವಲ್ ಹೊದಿಸಿ, ಆಮೇಲೆ ಹೇಳ್ತೀನಿ ನಿಮಗೆ," ಎಂದಳೆಂದರೆ ಟಿವಿಗೆ ಟವಲ್ ಹೊದಿಸುವಷ್ಟರಲ್ಲೇ ಅವನು ತಪ್ಪೊಪ್ಪಿಕೊಂಡಿರುತ್ತಿದ್ದ.

ಸಂಬಂಧ ಬೆಳೆಸುವವರು ಜಾತಕ ನೋಡುತ್ತಿರಲಿಲ್ಲ. ಹೆಣ್ಣಿನ ಮನೆಯ ಸೀಡಿ ಗಂಡಿನ ಮನೆಗೆ, ಗಂಡಿನ ಮನೆಯದು ಹೆಣ್ಣಿನ ಮನೆಗೆ. ಎರಡೂ ಕಡೆಯವರು ಚಾಪೆ ಹಾಸಿಕೊಂಡು ಕೂತು ನೋಡಿದ ಮೇಲೇ ಹೌದು ಅಥವಾ ಇಲ್ಲ. ಕೆಲವು ಜಾಣರು ಕವರ್ ಬಿಚ್ಚದ ಹೊಸ ಸೀಡಿ ಕಳಿಸುತ್ತಿದ್ದರು. ಆ ಮನೆಯ ಕಡೆ ಆಮೇಲೆ ಯಾರೂ ತಲೆ ಹಾಕುತ್ತಿರಲಿಲ್ಲ. ನನ್ನ ಮದುವೆಗೆ ಮುಂಚೆ ಸರ್ವಮಂಗಳನ ಮನೆಯಿಂದ ಬಂದ ಸೀಡಿಯಲ್ಲಿ ಖಳನಾಯಕನೇ ಕೈಮುಗಿದು, "ಬುದ್ಧಿ, ಈ ಹುಡುಗಿ ನನಗೆ ಬೈಯೋ ಬೈಗುಳ ಕೇಳೋಕಾಗಲ್ಲ, ನೀವಾದ್ರೂ ಕರ್ಕೊಂಡು ಹೋಗಿ," ಎಂದಿದ್ದ. ನಮ್ಮಪ್ಪ ಅವತ್ತೇ ಒಪ್ಪಿದ. ಅವಳಿದ್ದಷ್ಟು ಕಾಲ ನಮ್ಮ ಮನೆಯಲ್ಲಿ ಸಿನಿಮಾ ಅಂದರೆ ಹಬ್ಬ. ಈಗ ಅವಳಿಲ್ಲ. ಅದಿರಲಿ, ನಾನು ಹೇಳಹೊರಟಿದ್ದು ಕಂಪನಿಯ ವಿಷಯ.

ಸದಾದರ್ಶನ ಕಂಪನಿ ಎಂದು ಹೆಸರು. ಬಿಳಿ ಗಾಡಿ, ಗಾಡಿಯ ಮೇಲೆ ಕಹಳೆ, ಗಾಡಿಯೊಳಗೆ ಇಸ್ತ್ರಿ ಮಾಡಿದ ನಗು. "ಸೀಡಿ ಕೊಡಿ, ಜೀವನಪೂರ್ತಿ ಸಿನಿಮಾ ನೋಡಿ! ಧೂಳಿಲ್ಲ, ಗೀರಿಲ್ಲ, ಚಾಡಿ ಇಲ್ಲ!" ಎಂದು ಬೀದಿ ಬೀದಿಯಲ್ಲಿ ಕೂಗಿದರು. ಆ ಚಾಡಿ ಇಲ್ಲ ಎಂಬ ಮಾತಿಗೆ ಊರು ಬಿದ್ದುಹೋಯಿತು. ತಲೆತಲಾಂತರದಿಂದ ಹಾಲಿಗೆ ನೀರು ಬೆರೆಸಿದವರು, ಮಾತು ಬಿಟ್ಟವರು, ಟವಲ್ ಹೊದಿಸಿ ಸುಸ್ತಾದವರು ಎಲ್ಲರೂ ಮಂಕರಿ ಮಂಕರಿ ಸೀಡಿ ತಂದು ಗಾಡಿಗೆ ಸುರಿದರು. ಕಂಪನಿಯವರು ಅವನ್ನೆಲ್ಲ ಊರಾಚೆಯ ದಾಳಿಂಬೆ ತೋಟಕ್ಕೆ ಮಾರಿದರು. ಅಲ್ಲಿ ಗಿಳಿ ಬೆದರಿಸಲೆಂದು ತಂತಿಗೆ ಕಟ್ಟಿದ್ದಾರೆ. ಹೋಗಿ ನೋಡಿ, ಊರಿನ ಮಾನ ಮರ್ಯಾದೆ ಎಲ್ಲ ಗಾಳಿಗೆ ಗಿರಗಿರ ತಿರುಗುತ್ತಿದೆ. ಭಾನುವಾರ ಜನ ಮಕ್ಕಳನ್ನು ಕರೆದುಕೊಂಡು ಹೋಗಿ, "ನೋಡು ಪುಟ್ಟಾ, ಆ ಮೂಲೇದು ನಮ್ಮನೇದು," ಎಂದು ತೋರಿಸಿಕೊಂಡು ಬರುತ್ತಾರೆ. ನಾಚಿಕೆ ಬೇಡವೇ?

ಇನ್ನು ಸೀಡಿಯಿಲ್ಲದೆ ಇಂಟರ್ನೆಟ್ಟಿನಲ್ಲಿ ನೇರ ಟಿವಿಗೆ ಬರುವ ಕಂಪನಿಯ ಸಿನಿಮಾ ಎಂಥದ್ದು ಅಂತೀರಿ? ನಾನು ನೋಡಿದವನಲ್ಲ, ಕೇಳಿ ಬಲ್ಲೆ. ಎಲ್ಲ ಮನೆಯಲ್ಲೂ ಒಂದೇ ಮುಖ, ಒಂದೇ ಮಾತು. ನಾಯಕ ನಮ್ಮ ಕಡೆ ನೋಡುತ್ತಾನೆ, ಆದರೆ ಹೊರಟ ಬಸ್ಸಿನ ಕಿಟಕಿಯಲ್ಲಿ ಕೂತವನು ನಿಲ್ದಾಣದವರನ್ನು ನೋಡುವ ಹಾಗೆ. ನೀವು ಊಟ ಮಾಡಿದಿರೋ ಇಲ್ಲವೋ, ಮನೆಯಲ್ಲಿ ಜ್ವರವೋ ಮದುವೆಯೋ, ಅವನಿಗೆ ಸಂಬಂಧವಿಲ್ಲ. ನಾನು ನೋಡಿದವನಲ್ಲ ಎಂದು ಮತ್ತೊಮ್ಮೆ ಹೇಳುತ್ತೇನೆ. ರೇವಣಸಿದ್ದಪ್ಪ ಒಂದು ಸಿನಿಮಾವನ್ನು ಅರ್ಧ ನೋಡಿ, ಕೊಲೆ ಮಾಡಿದವನು ಯಾರೆಂದು ನಾಳೆ ನೋಡೋಣ ಅಂತ ಮಲಗಿದ. ಮಾರನೆಯ ದಿನ ಆ ಸಿನಿಮಾ ಇದ್ದ ಜಾಗದಲ್ಲಿ "ಈ ಚಿತ್ರ ಸದ್ಯ ಲಭ್ಯವಿಲ್ಲ" ಎಂದು ಬರೆದಿತ್ತು. ಅಳತೆ ಟೇಪು ಕೊರಳಲ್ಲೇ ಇದ್ದ ಹಾಗೆ ಕಂಪನಿಯ ಕಚೇರಿಗೆ ಓಡಿದ. "ನೀವು ಚಿತ್ರವನ್ನ ಕೊಂಡಿಲ್ಲ ಸಾರ್, ನೋಡೋದನ್ನ ಮಾತ್ರ ಕೊಂಡಿರೋದು," ಎಂದರಂತೆ. "ಅಲ್ಲಯ್ಯ, ನೋಡೋದನ್ನ ಕೊಂಡ್ರೆ ನೋಡೋಕಾದ್ರೂ ಬಿಡ್ಬೇಕಲ್ವಾ? ನಾನೇನು ಅಂಗಿಯ ತೋಳು ಮಾತ್ರ ಹೊಲ್ದು ಕೊಟ್ಟು ಕಳಿಸ್ತೀನಾ?" ಎಂದು ಇವನು ಕೂಗಾಡಿದ್ದಕ್ಕೆ ಅವರು ಇಸ್ತ್ರಿ ಮಾಡಿದ ನಗುವನ್ನೇ ಕೊಟ್ಟು ಕಳಿಸಿದರು. ಪಾಪ, ಇಂದಿಗೂ ಅವನು ಬೀದಿಯಲ್ಲಿ ಹೋಗುವವರನ್ನೆಲ್ಲ ಕೊಲೆಗಾರನೇನೋ ಎಂದು ಗುಮಾನಿಯಿಂದ ನೋಡುತ್ತಾನೆ.

ಚಾಡಿ ಇಲ್ಲವಂತೆ, ಚಾಡಿ! ರೇವಣಸಿದ್ದಪ್ಪ ಕಂಪನಿಯ ಸಿನಿಮಾದ ಮುಂದೆ ಕೂತು ಹೆಂಡತಿಗೆ ಮಂಡಿ ನೋವು ಎಂದದ್ದೇ ತಡ, ಸಂಜೆಗೆ ಅವನ ಫೋನಿನ ತುಂಬ ಮಂಡಿಗೆ ಹಚ್ಚುವ ಎಣ್ಣೆಯ ಜಾಹೀರಾತು. ಅದೂ ನೋಡುತ್ತದೆ ಸ್ವಾಮಿ, ಚೆನ್ನಾಗಿಯೇ ನೋಡುತ್ತದೆ. ನಮ್ಮ ಸೀಡಿ ನೋಡಿದ್ದನ್ನು ಪಕ್ಕದ ಮನೆಗೆ ಹೇಳುತ್ತಿತ್ತು. ಪಕ್ಕದ ಮನೆಯವರು ನಕ್ಕರೂ ಮಂಡಿಗೆ ಶಾಖ ಕೊಡಲು ಬರುತ್ತಿದ್ದರು. ಇದು ಯಾರಿಗೆ ಹೇಳುತ್ತದೆ? ಮುಖವೇ ಇಲ್ಲದವರಿಗೆ. ಅವರು ಎಣ್ಣೆ ಮಾರುತ್ತಾರೆ.

ಇದನ್ನೆಲ್ಲ ನಾನು ದಿನವೂ ಅಂಗಡಿಯ ಕಟ್ಟೆಯ ಮೇಲೆ ನಿಂತು ಹೇಳುತ್ತಿದ್ದೆ. ನನ್ನ ಭಾಷಣ ಕೇಳಲು ಜನ ಎಷ್ಟು ಸೇರುತ್ತಿದ್ದರೆಂದರೆ ಹಿಂದೆ ನಿಂತವರಿಗೆ ದುರ್ಬೀನು ಬಾಡಿಗೆಗೆ ಕೊಡಬೇಕಾಗುತ್ತಿತ್ತು. "ನಾನೊಬ್ಬ ಕೊಟ್ಟಿಲ್ಲ! ನನ್ನ ಹೆಣ ಬಿದ್ದರೂ ಕೊಡಲ್ಲ!" ಎಂದು ಎದೆ ತಟ್ಟಿದರೆ ಕಪಾಟಿನ ಕನ್ನಡಕಗಳೆಲ್ಲ ನಡುಗುತ್ತಿದ್ದವು. ಒಳಗಡೆ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವ ನನ್ನ ಮಗಳು ಶಶಿರೇಖಾ ಮಾತ್ರ, "ಕೊನೇ ಸಾಲು ಓದಿ," ಎಂದು ತನ್ನ ಪಾಡಿಗೆ ತಾನಿರುತ್ತಿದ್ದಳು.

ಆ ಕೊನೇ ಸಾಲಿನಿಂದಲೇ ಶುರುವಾಯಿತು. ಮೋಟಾರಿಗೆ ವೈಂಡಿಂಗ್ ಮಾಡುವ ಕೊಟ್ರೇಶಿ ಎಂಬ ಹುಡುಗ, ಕೂದಲಿನಂಥ ತಾಮ್ರದ ತಂತಿ ಸುತ್ತಿ ಸುತ್ತಿ ಕಣ್ಣು ಮಂಜಾಯಿತೆಂದು ಬಂದ. ಕನ್ನಡಕ ಕೊಟ್ಟೆವು. ಮರುವಾರ ಮೂಗಿನ ಮೇಲೆ ನಿಲ್ಲುತ್ತಿಲ್ಲ ಎಂದು ಬಂದ. ಆಮೇಲೆ ಕಿವಿ ಹತ್ತಿರ ಒತ್ತುತ್ತದೆ ಎಂದ. ಅವನ ತಲೆ ದಿನಕ್ಕೊಂದು ಆಕಾರಕ್ಕೆ ತಿರುಗುತ್ತಿದೆಯೇ ಎಂದು ನನಗೇ ಗಾಬರಿಯಾಯಿತು. ಕೊನೆಗೊಂದು ದಿನ ಶಶಿರೇಖಾ ನೇರವಾಗಿ ಹೇಳಿದಳು, "ಅಪ್ಪ, ನಾನು ಕೊಟ್ರೇಶಿನ ಮದುವೆ ಆಗ್ತೀನಿ. ಅವರಮ್ಮನ ಜೊತೆ ಮಾತಾಡಿ."

ಹುಡುಗ ಒಳ್ಳೆಯವನೇ. ತಾಯಿ ಹಾಲಮ್ಮ ಮೆಣಸಿನಕಾಯಿ ಮಂಡಿಯಲ್ಲಿ ಗಂಡಸರ ಸಮಕ್ಕೆ ನಿಂತು ವ್ಯಾಪಾರ ಮಾಡಿದವರು, ಘಾಟಿಗೆ ಕಣ್ಣಲ್ಲಿ ನೀರು ಬರುವ ಕಾಲ ಅವರಿಗೆ ಎಂದೋ ಮುಗಿದಿತ್ತು. ನಾನು ಗಂಭೀರವಾಗಿ, "ಅವರ ಮನೆ ಸೀಡಿ ಎಲ್ಲಿ?" ಎಂದೆ.

"ಇಲ್ಲಪ್ಪ. ಕಂಪನಿಗೆ ಕೊಟ್ಟುಬಿಟ್ಟಿದಾರೆ."

"ಮುಗೀತು ಹಾಗಾದ್ರೆ."

"ಏನು ಮುಗೀತು? ಅವರನ್ನ ನಾನು ದಿನಾ ನೋಡ್ತಿದೀನಿ. ಸೀಡಿ ಹೇಳೋದೇನು ಬಾಕಿ ಇದೆ?"

"ಮನುಷ್ಯರು ಅಂಗಡೀಲಿ ಇರೋದು ಬೇರೆ, ಮನೇಲಿ ಇರೋದು ಬೇರೆ ಕಣಮ್ಮ."

ಅವಳು ನನ್ನನ್ನು ಒಂದು ಥರಾ ನೋಡಿದಳು. "ಅದು ನನಗೂ ಗೊತ್ತು," ಎಂದಳು. "ಬೇಡ ಅನ್ನೋದಿದ್ರೆ ನೀವೇ ಬೇಡ ಅನ್ನಿ. ಸೀಡಿ ಮೇಲೆ ಹಾಕ್ಬೇಡಿ. ಬೇಡ ಅಂದ್ರೆ ನಾನು ಯಾರನ್ನೂ ಆಗಲ್ಲ, ನಿಮ್ಮ ಕನ್ನಡಕ ಒರೆಸ್ಕೊಂಡು ಇಲ್ಲೇ ಇರ್ತೀನಿ. ಯೋಚ್ನೆ ಮಾಡಿ."

ಯೋಚನೆ ಮಾಡುವ ಬದಲು ನಾನು ಕಟ್ಟೆ ಹತ್ತಿದೆ. "ಸೀಡಿ ಇಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ!" ಎಂದು ಘೋಷಿಸಿದೆ. ಜನ ಚಪ್ಪಾಳೆ ತಟ್ಟಿದರು. ಒಳಗಡೆ ಶಶಿರೇಖಾ ದೀಪ ಆರಿಸಿ, ಗಿರಾಕಿಯನ್ನು ನಾಳೆ ಬನ್ನಿ ಎಂದು ಕಳಿಸಿ, ಮನೆಗೆ ನಡೆದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಮಾತು ನಿಂತಿತು. ಸಾರು ಬಡಿಸುತ್ತಿದ್ದಳು, ಸಾಕಾ ಎಂದು ಕೇಳುತ್ತಿರಲಿಲ್ಲ. ತಟ್ಟೆ ಉಕ್ಕಿ ನೆಲಕ್ಕೆ ಹರಿದರೂ ಕೇಳುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹಾಲಮ್ಮ ಮಗನನ್ನು ಕರೆದುಕೊಂಡು ನಮ್ಮ ಮನೆ ಬಾಗಿಲಿಗೇ ಬಂದರು. ಹಿಂದೆಯೇ ರೇವಣಸಿದ್ದಪ್ಪ, ಸೂಜಿ ಕೇಳುವ ನೆಪದಲ್ಲಿ. ಟೈಲರ್ ಆದವನು ಕನ್ನಡಕದವನ ಹತ್ತಿರ ಸೂಜಿ ಕೇಳುತ್ತಾನೆಯೇ? ಯಾರೂ ಅವನನ್ನು ಕೇಳಲಿಲ್ಲ, ಅವನೂ ಮೂಲೆಯಲ್ಲಿ ಕೂತುಬಿಟ್ಟ.

"ಮುರಿಗೆಪ್ಪನೋರೇ," ಎಂದರು ಹಾಲಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಮ್ಮನೇಲಿ ಸೀಡಿ ಇಲ್ಲ, ನಿಜ. ಎಲ್ಲರೂ ಕೊಟ್ರು, ನಾನೂ ಕೊಟ್ಟೆ. ಹುಚ್ಚುತನ ಮಾಡ್ದೆ, ಒಪ್ಕೊಂತೀನಿ. ಆದ್ರೆ ನಿಮ್ಮನೇಲಿ ಲೋಕದ್ದೆಲ್ಲ ಇದಾವಂತಲ್ಲ. ಒಂದು ಕೊಡಿ. ಎಂಥಾ ಮನೆಯಿಂದ ಹೆಣ್ಣು ತರ್ತೀವಿ ಅಂತ ನಾವೂ ನೋಡ್ಬೇಕಲ್ಲ."

"ಅದಕ್ಕೇನಂತೆ," ಎಂದೆ. "ಯಾವುದು ಬೇಕು ಅಂತ ಹೇಳಿ ಹೋಗಿ. ರಾಶೀಲಿ ಹುಡುಕೋಕೆ ಮೂರ್ನಾಕು ತಿಂಗಳು ಹಿಡಿಯುತ್ತೆ."

"ಹುಡುಕೋದ್ಯಾಕೆ? ಇಲ್ಲೇ ಇವೆಯಲ್ಲ," ಎಂದು ಅವರು ಕಪಾಟಿನಿಂದ ಒಂದು ಡಬ್ಬಿ ಎಳೆದು ತೆಗೆದರು. ಒಳಗೇನೂ ಇರಲಿಲ್ಲ.

"ಅದು ಲಂಡನ್ನಿನ ಮ್ಯೂಸಿಯಂನೋರು ಎರಡು ದಿನಕ್ಕೆ ಅಂತ ಈಸ್ಕೊಂಡು ಹೋಗಿದಾರೆ," ಎಂದೆ.

ಇನ್ನೊಂದು ತೆಗೆದರು. ಖಾಲಿ. "ಅದು ಪಾಲಿಶಿಗೆ ಹೋಗಿದೆ." ಮತ್ತೊಂದು ತೆಗೆದರು. ಅದೂ ಖಾಲಿ. "ಅದನ್ನ ಚೆನ್ನಾಗಿ ನೋಡಿ. ಭಾರೀ ತೆಳುವಾದ ಸೀಡಿ, ಸುಲಭಕ್ಕೆ ಕಣ್ಣಿಗೆ ಬೀಳಲ್ಲ." ಕೊಟ್ರೇಶಿ ಪಾಪ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಡಬ್ಬಿಯೊಳಗೆ ಶ್ರದ್ಧೆಯಿಂದ ಹುಡುಕಿದ.

"ಕನ್ನಡಕ ಸರಿ ಇಲ್ವೇನೋ ಮಗನೇ," ಎಂದರು ಹಾಲಮ್ಮ. "ಇಲ್ಲಾ, ಕನ್ನಡಕ ಕೊಟ್ಟೋರೇ ಸರಿ ಇಲ್ವೋ."

ನಾನು ಅವಮಾನದಿಂದ ಉರಿದುಹೋದೆ. "ಏನಮ್ಮ, ನನ್ನ ಮನೆಗೆ ಬಂದು ನನ್ನನ್ನೇ ತಪಾಸಣೆ ಮಾಡ್ತೀರಾ? ಊರಿನ ಮಾನ ದಾಳಿಂಬೆ ಗಿಡಕ್ಕೆ ನೇತುಹಾಕಿದೋರು ನೀವು! ಈ ಊರಲ್ಲಿ ಸೀಡಿಯ ಬಗ್ಗೆ ಮಾತಾಡೋ ಯೋಗ್ಯತೆ ಇರೋ ಒಬ್ಬನೇ ಒಬ್ಬ..."

"ಒಂದಿದೆ ಅತ್ತೆ," ಎಂದಳು ಶಶಿರೇಖಾ.

ಅತ್ತೆ ಎಂದ ಆ ಒಂದು ಮಾತಿಗೆ ನನ್ನ ಭಾಷಣ ನಿಂತಿತು. ಅವಳು ಟಿವಿಯ ಕೆಳಗಿನ ಪ್ಲೇಯರ್ ತೋರಿಸಿದಳು. "ಅದರ ಬಾಯಿ ಕಚ್ಕೊಂಡಿದೆ, ಹೊರಗೆ ತೆಗೆಯೋಕೆ ಬರಲ್ಲ. ಒಳಗೊಂದು ಸೀಡಿ ಇದೆ. ಅಪ್ಪ ಕೊನೇ ಸಲ ನೋಡಿದ್ದು."

"ಅದು ಕೆಟ್ಟಿದೆ!" ಎಂದು ಕೂಗಿ, ಹೆಗಲ ಮೇಲಿದ್ದ ಟವಲನ್ನು ಟಿವಿಯ ಮೇಲೆ ಎಸೆದೆ. ಹಾಲಮ್ಮ ಎದ್ದು ಹೋಗಿ ಅದನ್ನು ತೆಗೆದರು, ನಾಲ್ಕು ಮಡಿಕೆ ಮಾಡಿದರು, ತಂದು ನನ್ನ ಕೈಯಲ್ಲಿಟ್ಟರು. ಶಶಿರೇಖಾ ಪ್ಲೇಯರ್ ಹಾಕಿದಳು.

ಅದು ಏಳು ಬೀಗದ ಬಂಗಲೆ ಎಂಬ ಹೊಡೆದಾಟದ ಚಿತ್ರ. ನಾಯಕನ ತಾಯಿಯನ್ನು ಗೋಡೌನಿನ ಕಂಬಕ್ಕೆ ಕಟ್ಟಿದ್ದರು. ನಾಯಕ ಖಳನಾಯಕನ ಕೊರಳಪಟ್ಟಿ ಹಿಡಿದಿದ್ದ. ಹಿಂದಿನಿಂದ ಬೋಳುತಲೆಯವನೊಬ್ಬ ಸಲಾಕೆ ಎತ್ತಿಕೊಂಡು ಬರುತ್ತಿದ್ದ. ನಾಯಕ ಹೊಡೆಯುವುದನ್ನು ಬಿಟ್ಟು ನಮ್ಮ ಕಡೆ ತಿರುಗಿ ಕಿವಿಗೊಟ್ಟು ನಿಂತ. ಅವನ ಹಣೆಗೆ ಬ್ಯಾಂಡೇಜ್ ಸುತ್ತಿತ್ತು. ಸಲಾಕೆಯವನೂ ಎತ್ತಿದ ಕೈ ಎತ್ತಿದ ಹಾಗೆಯೇ ಕಾದ. ಕಂಬಕ್ಕೆ ಕಟ್ಟಿಸಿಕೊಂಡ ತಾಯಿ ನನ್ನನ್ನು ನೋಡಿದಳು.

"ಅವತ್ತು ಕೇಳ್ತಾ ಇದ್ದೆ, ಅಷ್ಟರಲ್ಲಿ ಕತ್ತಲೆ ಮಾಡಿಬಿಟ್ಟೆಯಲ್ಲೋ ಮುರಿಗೆಪ್ಪ," ಎಂದಳು. "ಸರ್ವಮಂಗಳ ಎಲ್ಲಿ? ಈ ಜಾಗಕ್ಕೆ ಬಂದಾಗೆಲ್ಲ ನನ್ನ ಮಗನಿಗೆ 'ಹಿಂದೆ ನೋಡೋ, ಹಿಂದೆ ನೋಡೋ' ಅಂತ ಕೂಗೋಳು. ಅವನು ತಪ್ಪಿಸ್ಕೊಳ್ಳೋನು. ಹೋದ ಸಲ ಯಾರೂ ಕೂಗ್ಲಿಲ್ಲ. ತಲೆ ಒಡೀತು ನೋಡು. ಊರಿಗೆ ಹೋಗಿದಾಳಾ?"

ಇಂಥ ಹೊತ್ತಿನಲ್ಲಿ ಹೇಳಬಹುದಾದ ಸುಳ್ಳುಗಳು ನನ್ನ ಹತ್ತಿರ ಬಂಡಿಗಟ್ಟಲೆ ಇದ್ದವು. ತವರಿಗೆ ಹೋಗಿದ್ದಾಳೆ ಎನ್ನಬಹುದಿತ್ತು. ಬಾಯಿ ತೆರೆದೆ. ಹಿಂದೆ ಶಶಿರೇಖಾ ನಿಂತಿದ್ದಳು.

"ಅವಳಿಲ್ಲ ತಾಯಿ," ಎಂದೆ. "ಕಾಮಾಲೆ ಬಂತು, ಆಸ್ಪತ್ರೆಗೆ ಸೇರ್ಸಿದ್ವಿ. ಮನೆಗೆ ವಾಪಸ್ ಬರ್ಲಿಲ್ಲ. ನಿಮಗ್ಯಾರಿಗೂ ಹೇಳೋಕೆ ಬಾಯಿ ಬರ್ಲಿಲ್ಲ ನನಗೆ."

ನಾಯಕ ಖಳನಾಯಕನ ಕೊರಳಪಟ್ಟಿ ಬಿಟ್ಟ. ಬೋಳುತಲೆಯವನು ಸಲಾಕೆಯನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟ. ಖಳನಾಯಕ ಕಪ್ಪು ಕನ್ನಡಕ ತೆಗೆದ. ಅದನ್ನು ಅವನು ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು, ಪಾಪ, ಅವನಿಗೆ ಮಾಲುಗಣ್ಣು. ನಾಯಕನೂ ಅವನೂ ಸೇರಿ ಆ ತಾಯಿಯ ಹಗ್ಗ ಬಿಚ್ಚಿದರು. ಅವಳು ಅಲ್ಲೇ ಗೋಣಿಚೀಲದ ಮೇಲೆ ಕೂತಳು. ಮೂಲೆಯಲ್ಲಿ ರೇವಣಸಿದ್ದಪ್ಪ ಅಳತೆ ಟೇಪಿನಿಂದ ಮೂಗು ಒರೆಸಿಕೊಂಡ.

ಹಾಲಮ್ಮ ನನ್ನ ಕಡೆ ತಿರುಗಿದರು. ಮೆಣಸಿನಕಾಯಿ ಘಾಟಿಗೆ ಅಳದ ಕಣ್ಣು ಕೆಂಪಗಾಗಿತ್ತು. "ಬೀಗರೇ," ಎಂದರು, "ಮನೆ ಎಂಥದ್ದು ಅಂತ ಗೊತ್ತಾಯ್ತು. ಹುಡುಗಿ ಜೊತೆ ಆ ಪೆಟ್ಟಿಗೇನೂ ಕಳಿಸ್ಕೊಡಿ."

"ಹುಡುಗೀನ ಕರ್ಕೊಂಡು ಹೋಗಿ!" ಎಂದು ಗುಡುಗಿದೆ. "ನಾಳೇನೇ ಕರ್ಕೊಂಡು ಹೋಗಿ! ಪೆಟ್ಟಿಗೆ ಕೊಡಲ್ಲ!"

ಒಪ್ಪಿಗೆ ಕೊಟ್ಟುಬಿಟ್ಟೆನೆಂದು ನನಗೆ ಹೊಳೆದದ್ದು ಶಶಿರೇಖಾ ಅಳುತ್ತ ನಗತೊಡಗಿದ ಮೇಲೆ. ಕೊಟ್ರೇಶಿ ನನ್ನ ಕಾಲು ಮುಟ್ಟಲು ಬಗ್ಗಿದ, ಕನ್ನಡಕ ನಿಜವಾಗಿಯೂ ಮೂಗಿನಿಂದ ಜಾರಿ ಬಿತ್ತು.

ಆ ಗದ್ದಲದಲ್ಲಿ ತೆರೆಯ ಮೇಲಿನ ತಾಯಿ ಮತ್ತೆ ಕರೆದಳು. "ಮುರಿಗೆಪ್ಪ, ಮಿಕ್ಕೋರೆಲ್ಲ ಎಲ್ಲಪ್ಪ? ಆ ಡಬ್ಬಿಗಳಿಂದ ಹಾಡು ಕೇಳಿಸೋದು, ಕುದುರೆ ಓಡೋದು ಕೇಳಿಸೋದು. ಈಗ ಒಂದು ಸದ್ದೂ ಇಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ರೇವಣಸಿದ್ದಪ್ಪನೂ ನೋಡಿದ. ಸಂಜೆಯೊಳಗೆ ಅವನು ಊರಿಗೆಲ್ಲ ಸಾರುತ್ತಾನೆಂದು ಗೊತ್ತಿತ್ತು. ಸಾರಲಿ.

"ಕೊಟ್ಟುಬಿಟ್ಟೆ ತಾಯಿ," ಎಂದೆ. "ಇದ್ದದ್ದೇ ಎರಡು ಕಪಾಟಿನಷ್ಟು. ಊರಲ್ಲಿ ಎಲ್ಲರಿಗಿಂತ ಮೊದಲು ಕೊಟ್ಟೋನು ನಾನೇ. ಕಂಪನಿ ಗಾಡಿ ನಮ್ಮ ಬೀದಿಗೆ ಬರೋ ಮುಂಚೆ ನಾನೇ ಚೀಲ ಹೊತ್ಕೊಂಡು ಅವರ ಕಚೇರಿಗೆ ಹೋದೆ. ಡಬ್ಬಿ ಮಾತ್ರ ಇಟ್ಕೊಂಡೆ, ಜನ ನೋಡ್ಲಿ ಅಂತ. ಯಾವ ಸೀಡಿ ಹಾಕಿದ್ರೂ ಒಳಗಿನೋರು ನಿಮ್ಮ ಹಾಗೇ ಸರ್ವಮಂಗಳ ಎಲ್ಲಿ ಅಂತ ಕೇಳೋರು. ಜಡ್ಜು ಕೇಳೋನು, ಕುಣಿಯೋ ಹುಡುಗೀರು ಕುಣಿಯೋದು ನಿಲ್ಲಿಸಿ ಕೇಳೋರು. ಕಂಪನಿ ಸಿನಿಮಾನ ನಾನು ನೋಡೇ ಇಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ದಿನಾ ನೋಡ್ತೀನಿ. ಏನೂ ಕೇಳದೇ ಇರೋ ಪಿಚ್ಚರ್ ಬೇಕಾಗಿತ್ತು ನನಗೆ."